ಮೊದಲು ನೀರು, ಆಮೇಲೆ ಕೈ

ಕಳೆದ ತಿಂಗಳು ಯಾದಗಿರಿ ಜಿಲ್ಲೆ ಶಹಾಪುರ ತಾಲ್ಲೂಕಿನ ಒಂದು ಊರಿನಲ್ಲಿ ಕುರಿ ಸಾಕುವವರ ಮುಂದೆ ಕುರಿಯ ಬಾಯಾರಿಕೆ, ಹೆದರಿಕೆ ಬಗ್ಗೆ ಮಾತಾಡಿದ್ದೆ. ಸಮುದಾಯ ಭವನ ತುಂಬಿತ್ತು. ಅರ್ಧ ಜನ ಹೆಗಲ ಮೇಲೆ ಕಂಬಳಿ ಹಾಕಿಕೊಂಡು ಬಂದ ಕುರಿಗಾರರು, ಉಳಿದರ್ಧ ಪಶುವೈದ್ಯಕೀಯ ಡಿಪ್ಲೊಮಾ ಓದುತ್ತಿರುವ ಹುಡುಗ ಹುಡುಗಿಯರು. ಮುಗಿದ ಮೇಲೆ ಕೆಲವರು ಬಂದು, "ಇದನ್ನ ಬರೆದು ಕೊಡ್ರಿ ಸರ, ಮಕ್ಕಳ ಕಡಿಂದ ಓದಿಸಿ ಕೇಳ್ತೀವಿ" ಅಂದರು. ಅದಕ್ಕೇ ಇದು. ಹೆಚ್ಚುಕಡಿಮೆ ಮಾತಾಡಿದ ಹಾಗೇ ಬರೆದಿದ್ದೇನೆ. ಅವತ್ತು ಮರೆತಿದ್ದ ಒಂದೆರಡು ಸಂಗತಿ ಸೇರಿಸಿದ್ದೇನೆ.

ಮೊದಲು ನನ್ನದೇ ಒಂದು ತಪ್ಪು ಹೇಳಿಬಿಡುತ್ತೇನೆ. ಪಶುವೈದ್ಯನಾಗಿ ನೌಕರಿಗೆ ಸೇರಿದ ಹೊಸತು. ಮೇ ತಿಂಗಳು. ಮಳೆಗಾಲಕ್ಕೆ ಮುಂಚೆ ಕರುಳು ಬೇನೆಯ ಲಸಿಕೆ ಹಾಕಬೇಕು, ಅದು ನಿಮಗೆಲ್ಲ ಗೊತ್ತಿರುವುದೇ. ಒಂದು ಊರಿಗೆ ಹೋದೆ. ತಲುಪುವಷ್ಟರಲ್ಲಿ ಹನ್ನೊಂದು ಗಂಟೆ. ನೂರಕ್ಕೂ ಜಾಸ್ತಿ ಕುರಿಗಳನ್ನು ಬೆಳಗ್ಗೆಯಿಂದ ಒಂದು ಬಯಲಲ್ಲಿ ಕೂಡಿಹಾಕಿ ನನ್ನ ದಾರಿ ಕಾಯುತ್ತಿದ್ದರು. ಹಿಂದಿನ ಸಂಜೆಯಿಂದ ಕರೆಂಟ್ ಇಲ್ಲ, ಬೋರ್ ಎತ್ತಿಲ್ಲ, ಕುರಿಗೆ ನೀರಿಲ್ಲ. ಹಿಂಡಿನ ಯಜಮಾನರು ಹತ್ತಿರ ಬಂದು, "ಸಾಹೇಬ್ರ, ಹಳ್ಳದ ತನ ಹೋಗಿ ನೀರ್ ಕುಡಿಸ್ಕೊಂಡು ಬರ್ತೀವ್ರಿ" ಅಂದರು. ನಾನು ಐಸ್ ಡಬ್ಬಿ ನೋಡಿದೆ, ಗಡಿಯಾರ ನೋಡಿದೆ. ಇನ್ನೂ ಎರಡು ಊರು ಬಾಕಿ ಇತ್ತು. "ಮೊದಲು ಇದು ಮುಗಿಸೋಣ, ಆಮೇಲೆ ಕುಡಿಸಿ" ಅಂದೆ.

ಬಿಸಿಲಲ್ಲಿ ಒಂದೊಂದನ್ನೇ ಹಿಡಿದು, ಎಳೆದು, ಅದುಮಿ ಲಸಿಕೆ ಹಾಕಿದೆವು. ಸಂಜೆ ಫೋನ್ ಬಂತು. ನಾಲ್ಕು ಕುರಿ ಬಿದ್ದಿವೆ, ಎರಡು ಸತ್ತಿವೆ. ಮುಂದಿನ ಮೂರು ದಿನದಲ್ಲಿ ಗಬ್ಬದ ಕುರಿಗಳು ಕೆಲವು ಕಂದು ಹಾಕಿದವು. ಊರಿನವರು ಲಸಿಕೆಯದ್ದೇ ದೋಷ ಅಂದರು. ಅಲ್ಲ. ಅದೇ ಪೆಟ್ಟಿಗೆಯ ಲಸಿಕೆ ಉಳಿದೆರಡು ಊರಿನಲ್ಲಿ ಏನೂ ಮಾಡಲಿಲ್ಲ. ತಪ್ಪು ನಾನು ಆರಿಸಿಕೊಂಡ ಹೊತ್ತಿನದು. ಮತ್ತೆ ಹೋದಾಗ ಆ ಯಜಮಾನರು ಜಗಳ ಆಡಲಿಲ್ಲ. "ನೀರ್ ಕುಡಿಸ್ತೀನಿ ಅಂದಿದ್ದೆ ಸಾಹೇಬ್ರ. ನೀವ ಆಮ್ಯಾಲ ಅಂದ್ರಿ" ಅಷ್ಟೇ ಅಂದರು.

ಅವತ್ತಿನಿಂದ ನನಗೆ ಒಂದೇ ಪ್ರಶ್ನೆ. ಬಾಯಾರಿದ ಕುರಿ ಒಂದು ದಿನ ತಡೆದುಕೊಳ್ಳುತ್ತದೆ. ಹೆದರಿದ ಕುರಿಯೂ ಒಂದು ತಾಸಿನಲ್ಲಿ ಸುಧಾರಿಸಿಕೊಳ್ಳುತ್ತದೆ. ಎರಡೂ ಒಟ್ಟಿಗೆ ಬಂದರೆ ಯಾಕೆ ಬೀಳುತ್ತದೆ?

ಬಾಯಾರಿಕೆಯಿಂದ ಶುರು ಮಾಡೋಣ. ಕುರಿಯ ರಕ್ತದಲ್ಲಿ ಉಪ್ಪು ಮತ್ತು ನೀರಿನ ಅಳತೆ ಬಹಳ ಬಿಗಿಯಾಗಿರುತ್ತದೆ. ನೀರು ಕಡಿಮೆಯಾಗಿ ರಕ್ತದ ಗಟ್ಟಿತನ ನೂರಕ್ಕೆ ಒಂದೋ ಎರಡೋ ಪಾಲು ಏರಿದರೂ ಸಾಕು, ಮಿದುಳಿಗೆ ತಿಳಿದುಬಿಡುತ್ತದೆ. ಮಿದುಳಿನ ತಳದಲ್ಲಿ ಹೈಪೋಥಲಾಮಸ್ ಅಂತ ಒಂದು ಭಾಗ ಇದೆ, ಅದರ ಆಸುಪಾಸಿನಲ್ಲಿ ಉಪ್ಪಿನ ರುಚಿ ನೋಡುವ ಕೋಶಗಳಿವೆ ಅಂತಲೇ ಇಟ್ಟುಕೊಳ್ಳಿ. 1950ರ ದಶಕದಲ್ಲಿ ಸ್ವೀಡನ್‌ನ ಬೆಂಗ್ಟ್ ಆಂಡರ್ಸನ್ ಎಂಬುವರು ಆಡಿನ ಮಿದುಳಿನ ಈ ಜಾಗಕ್ಕೆ ಒಂದು ಹನಿ ಉಪ್ಪುನೀರು ಹಾಕಿದರು. ಆಗಷ್ಟೇ ಹೊಟ್ಟೆ ತುಂಬ ನೀರು ಕುಡಿದಿದ್ದ ಆಡು ಕೂಡ ಮತ್ತೆ ನೀರಿಗೆ ಬಾಯಿ ಹಾಕಿ ಲೀಟರ್‌ಗಟ್ಟಲೆ ಕುಡಿಯಿತು. ಬಾಯಿ ಒಣಗಿದ್ದಕ್ಕಷ್ಟೇ ಬಾಯಾರಿಕೆ ಆಗುವುದಿಲ್ಲ, ಅದು ಮಿದುಳಿನಲ್ಲಿ ಹುಟ್ಟುತ್ತದೆ ಅಂತ ಜನರ ಕಣ್ಣಿಗೆ ಕಾಣಿಸಿದ ಪ್ರಯೋಗ ಅದು.

ಈ ಸುದ್ದಿ ಬಂದ ಕೂಡಲೇ ಹೈಪೋಥಲಾಮಸ್‌ನ ಕೆಲವು ನರಕೋಶಗಳು ಒಂದು ಹಾರ್ಮೋನನ್ನು ಬಿಡುತ್ತವೆ. ಅದರ ಹೆಸರು ವ್ಯಾಸೊಪ್ರೆಸಿನ್. ಬರೀ ಒಂಬತ್ತು ಅಮೈನೋ ಆಮ್ಲಗಳ ಪುಟ್ಟ ಸರ. ತಯಾರಾಗುವುದು ಮಿದುಳಿನಲ್ಲಿ, ಕೂಡಿಟ್ಟುಕೊಳ್ಳುವುದು ಮಿದುಳಿನ ಕೆಳಗಿರುವ ಪಿಟ್ಯುಟರಿ ಗ್ರಂಥಿಯ ಹಿಂಭಾಗದಲ್ಲಿ, ಅಲ್ಲಿಂದ ನೇರ ರಕ್ತಕ್ಕೆ. ಅದು ಕಿಡ್ನಿಗೆ ಹೋಗಿ, ಹೊರಗೆ ಹೋಗಲಿರುವ ನೀರನ್ನು ವಾಪಸ್ ಎಳೆದುಕೋ ಅನ್ನುತ್ತದೆ. ಬೇಸಿಗೆಯಲ್ಲಿ ಕುರಿ ಎಲ್ಲೋ ಒಮ್ಮೆ, ಸ್ವಲ್ಪೇ ಸ್ವಲ್ಪ, ಕಡು ಹಳದಿ ಮೂತ್ರ ಮಾಡುತ್ತದೆ ಅಲ್ವಾ? ಅದು ವ್ಯಾಸೊಪ್ರೆಸಿನ್ ಕೆಲಸ. ಈ ವಿಷಯದಲ್ಲಿ ಕುರಿಯ ಕಿಡ್ನಿ ನಮ್ಮದಕ್ಕಿಂತ ಎಷ್ಟೋ ಗಟ್ಟಿ. ನಾವು ಮಾಡಬಲ್ಲ ಅತಿ ಗಟ್ಟಿ ಮೂತ್ರದ ಎರಡು ಪಟ್ಟಿಗಿಂತ ಜಾಸ್ತಿ ಗಟ್ಟಿ ಮಾಡುತ್ತದೆ. ಹಿಕ್ಕೆಯೂ ಹಾಗೆಯೇ. ನೀರಿಲ್ಲದ ದಿನ ಕೈಯಲ್ಲಿ ಹಿಡಿದು ನೋಡಿ, ಒಣಗಿದ ಕಡಲೆಯ ಹಾಗೆ ಇರುತ್ತದೆ, ಬೆರಳಿಗೆ ಏನೂ ಅಂಟುವುದಿಲ್ಲ.

ಇದರ ಜೊತೆಗೆ ಹೊಟ್ಟೆಯ ಮೊದಲ ಚೀಲ ಇದೆ, ರೂಮೆನ್. ಮೂವತ್ತು ಕಿಲೋ ಕುರಿಯಲ್ಲಿ ನಾಲ್ಕು ಲೀಟರಿನಷ್ಟು ಸರಕು ಅದರೊಳಗೇ ಇರುತ್ತದೆ, ಬಹುಪಾಲು ನೀರೇ. ಮೊದಲ ದಿನ ಕುರಿ ಈ ಗಂಟಿನಿಂದ ನೀರು ತೆಗೆದುಕೊಂಡು ರಕ್ತ ನಿಭಾಯಿಸುತ್ತದೆ. ನಮ್ಮ ಡೆಕ್ಕನಿ, ಕೆಂಗುರಿ ಕುರಿಗಳು 43, 44 ಡಿಗ್ರಿ ಬಿಸಿಲಲ್ಲಿ ತೊಗರಿ ಕೊಯ್ದ ಹೊಲದಲ್ಲಿ ನಡೆದಾಡಿಕೊಂಡಿರಲು ಇದೂ ಒಂದು ಕಾರಣ. ಮೈ ತೂಕದ ಐದರಲ್ಲಿ ಒಂದು ಪಾಲು ನೀರು ಕಳೆದುಕೊಂಡರೂ ಬದುಕುವ ಒಣನಾಡಿನ ಕುರಿಗಳಿವೆ. ಮನುಷ್ಯ ಅದರ ಅರ್ಧಕ್ಕೇ ಸೋತುಬಿಡುತ್ತಾನೆ.

ಇಲ್ಲಿ ಒಂದು ಮೋಸ ಇದೆ. ಇದನ್ನು ಎಲ್ಲರೂ ಗಮನ ಇಟ್ಟು ಓದಬೇಕು. ಕುರಿ ಮೈ ತಂಪು ಮಾಡಿಕೊಳ್ಳುವುದು ಮುಖ್ಯವಾಗಿ ತೇಕುವುದರಿಂದ. ತೇಕಿದಾಗ ಮೂಗಿನ, ಬಾಯಿಯ ತೇವ ಆರುತ್ತದೆ, ಮೈ ತಂಪಾಗುತ್ತದೆ. ನೆರಳಲ್ಲಿ ನಿಮಿಷಕ್ಕೆ ಇಪ್ಪತ್ತು ಮೂವತ್ತು ಉಸಿರು, ಬಿಸಿಲಲ್ಲಿ ನೂರು ದಾಟಿ ಇನ್ನೂರರ ತನಕ. ಆದರೆ ತೇಕುವುದಕ್ಕೂ ನೀರು ಖರ್ಚು. ಬಾಯಾರಿದ ಕುರಿಯ ಮಿದುಳು ಇಲ್ಲೂ ಉಳಿತಾಯಕ್ಕೆ ಇಳಿಯುತ್ತದೆ. ತೇಕುವುದನ್ನು ಕಡಿಮೆ ಮಾಡಿ, ಮೈ ಬಿಸಿ ಏರಲು ಬಿಡುತ್ತದೆ.

ಹಾಗಾಗಿ ಮಧ್ಯಾಹ್ನ ಎರಡು ಗಂಟೆಗೆ ಹಿಂಡು ನೋಡಿದರೆ ಶಾಂತವಾಗಿದೆ ಅನ್ನಿಸಬಹುದು. ಒಂದರ ಹೊಟ್ಟೆ ಕೆಳಗೆ ಇನ್ನೊಂದರ ತಲೆ. ಸದ್ದಿಲ್ಲ. ಮೇಯುವುದಿಲ್ಲ, ಮೆಲುಕು ಹಾಕುವುದಿಲ್ಲ. ಉಸಿರು ಅಷ್ಟೇನೂ ಜೋರಾಗಿಲ್ಲ. "ಸುಮ್ನೆ ನಿಂತಾವು, ಆರಾಮ ಅದಾವು" ಅಂದುಕೊಳ್ಳುತ್ತೇವೆ. ಹತ್ತಿರ ಹೋಗಿ ಒಂದನ್ನು ಮೆತ್ತಗೆ ಹಿಡಿದು ತುಟಿ ಎತ್ತಿ ನೋಡಿ. ವಸಡಿನ ಮೇಲೆ ಬೆರಳಿಟ್ಟರೆ ಜಾರಬೇಕು. ಅಂಟಂಟಾಗಿ ನಿಂತರೆ ನೀರು ಕಡಿಮೆಯಾಗಿದೆ. ಕತ್ತಿನ ಚರ್ಮ ಚಿವುಟಿ ಬಿಟ್ಟರೆ ತಟ್ಟನೆ ಕೂರಬೇಕು. ಮಡಿಕೆ ಹಾಗೇ ಉಳಿದು ನಿಧಾನಕ್ಕೆ ಇಳಿದರೆ ಆ ಕುರಿ ಸೋಲುತ್ತಿದೆ. ಕಣ್ಣು ಗುಳಿ ಬಿದ್ದಿದ್ದರಂತೂ ಕೇಳಲೇಬೇಡಿ. ನಾನು ಅವತ್ತು ಆ ಬಯಲಿನಲ್ಲಿ ನೋಡಿದ್ದು ಇಂಥದ್ದೇ ಹಿಂಡು. ಗಲಾಟೆ ಇಲ್ಲ, ಕೆಲಸ ಬೇಗ ಮುಗಿಯುತ್ತದೆ ಅಂದುಕೊಂಡಿದ್ದೆ.

ಈಗ ಹೆದರಿಕೆಗೆ ಬರೋಣ.

ಕುರಿಗೆ ಅತಿ ದೊಡ್ಡ ಹೆದರಿಕೆ ಯಾವುದು ಅಂತ ಸಭೆಯಲ್ಲಿ ಕೇಳಿದೆ. ತೋಳ ಅಂದರು, ನಾಯಿ ಅಂದರು, ಸೂಜಿ ಅಂದ ಒಬ್ಬ ಹುಡುಗ. ಹಿಂದಿನ ಸಾಲಿನಿಂದ ಒಬ್ಬ ಅಜ್ಜಿ, "ಒಂಟಿ ಆಗೋದ್ರಿ" ಅಂದರು. ಸರಿಯಾದ ಉತ್ತರ. ಹಿಂಡಿನಿಂದ ಒಂದನ್ನು ಬೇರೆ ಮಾಡಿ ಕಣ್ಣಿಗೆ ಬೇರೆ ಕುರಿ ಕಾಣದ ಹಾಗೆ ಕಟ್ಟಿದರೆ ಸಾಕು, ಹೊಡೆಯಬೇಕಿಲ್ಲ, ಮುಟ್ಟಬೇಕಿಲ್ಲ. ಕೂಗುತ್ತದೆ, ಕಾಲು ಕೆರೆಯುತ್ತದೆ, ರಕ್ತದಲ್ಲಿ ಹಾರ್ಮೋನು ಏರುತ್ತದೆ. ಇಂಗ್ಲೆಂಡಿನ ಬೇಬ್ರಹಾಮ್ ಸಂಸ್ಥೆಯಲ್ಲಿ ಕೀತ್ ಕೆಂಡ್ರಿಕ್ ಮತ್ತು ಜೊತೆಗಾರರು 2001ರಲ್ಲಿ ತೋರಿಸಿದರು, ಕುರಿ ಐವತ್ತು ಬೇರೆ ಕುರಿಗಳ ಮುಖವನ್ನು ಎರಡು ವರ್ಷದ ತನಕ ನೆನಪಿಡುತ್ತದೆ. 2004ರಲ್ಲಿ ಇನ್ನೂ ಮುಂದೆ ಹೋದರು. ಒಂಟಿಯಾಗಿ ಕತ್ತಲಲ್ಲಿ ಬಿಟ್ಟ ಕುರಿಗೆ ಇನ್ನೊಂದು ಕುರಿಯ ಮುಖದ ಫೋಟೊ ತೋರಿಸಿದರೆ ಅದರ ಕೂಗು, ಎದೆಬಡಿತ, ಒತ್ತಡದ ಹಾರ್ಮೋನು ಎಲ್ಲ ಕಡಿಮೆಯಾದವು. ಬರೀ ಫೋಟೊ! ಇದನ್ನು ಹೇಳಿದಾಗ ಕುರಿಗಾರರು ಯಾರೂ ಆಶ್ಚರ್ಯಪಡಲಿಲ್ಲ. ಕುರಿ ಕುರಿಯನ್ನು ಗುರುತು ಹಿಡಿಯುತ್ತದೆ ಅನ್ನುವುದು ಅವರಿಗೆ ಹೊಸದೇನಲ್ಲ.

ಹೆದರಿದಾಗ ಎರಡು ದಾರಿಯಲ್ಲಿ ಹಾರ್ಮೋನು ಬರುತ್ತದೆ. ಮೊದಲನೆಯದು ಅಡ್ರಿನಲಿನ್, ಸೆಕೆಂಡುಗಳಲ್ಲಿ. ಎರಡನೆಯದು ಕಾರ್ಟಿಸಾಲ್, ನಿಮಿಷಗಳಲ್ಲಿ. ಮಿದುಳು ಪಿಟ್ಯುಟರಿಗೆ ಹೇಳುತ್ತದೆ, ಪಿಟ್ಯುಟರಿ ಎಸಿಟಿಎಚ್ ಎಂಬ ಹಾರ್ಮೋನು ಬಿಡುತ್ತದೆ, ಅದು ಕಿಡ್ನಿ ಪಕ್ಕದ ಅಡ್ರಿನಲ್ ಗ್ರಂಥಿಗೆ ಹೋಗಿ ಕಾರ್ಟಿಸಾಲ್ ಹೊರಡಿಸುತ್ತದೆ. ಮಿದುಳು ಪಿಟ್ಯುಟರಿಗೆ ಕಳಿಸುವ ಆ ಮೊದಲ ಸಂದೇಶ ಯಾವುದು? ದಶಕಗಳ ಕಾಲ ಇದನ್ನು ಹುಡುಕಿದರು. ಕೊನೆಗೆ 1981ರಲ್ಲಿ ಅಮೆರಿಕದ ವೈಲಿ ವೇಲ್ ಮತ್ತು ತಂಡದವರು ಸಿಆರ್‌ಎಚ್ ಎಂಬ ಆ ಹಾರ್ಮೋನನ್ನು ಬೇರ್ಪಡಿಸಿದರು. ಯಾವುದರಿಂದ ಗೊತ್ತಾ? ಲಕ್ಷಗಟ್ಟಲೆ ಕುರಿಗಳ ಹೈಪೋಥಲಾಮಸ್‌ನಿಂದ. ಮನುಷ್ಯನ ಒತ್ತಡದ ಬಗ್ಗೆ ಇವತ್ತು ನಮಗೆ ಗೊತ್ತಿರುವುದರಲ್ಲಿ ಕುರಿಯ ಋಣ ಇಷ್ಟಿದೆ.

ಆದರೆ ಕುರಿಯಲ್ಲಿ ಒಂದು ವಿಶೇಷ. ಇಲಿಯಲ್ಲಿ ಎಸಿಟಿಎಚ್ ಹೊರಡಿಸಲು ಸಿಆರ್‌ಎಚ್ ದೊಡ್ಡಣ್ಣ. ಕುರಿಯಲ್ಲಿ ಸಿಆರ್‌ಎಚ್‌ಗಿಂತ ಜೋರಾಗಿ ಆ ಕೆಲಸ ಮಾಡುವುದು ಇನ್ನೊಂದಿದೆ. ಅದೇ ವ್ಯಾಸೊಪ್ರೆಸಿನ್.

ಹೌದು, ಕಿಡ್ನಿಗೆ ನೀರು ಉಳಿಸು ಅಂದ ಅದೇ ವ್ಯಾಸೊಪ್ರೆಸಿನ್. ದಾರಿ ಮಾತ್ರ ಬೇರೆ. ಬಾಯಾರಿಕೆಯದ್ದು ಪಿಟ್ಯುಟರಿಯ ಹಿಂಭಾಗದಿಂದ ಇಡೀ ಮೈಯ ರಕ್ತಕ್ಕೆ ಬೀಳುತ್ತದೆ. ಹೆದರಿಕೆಯದ್ದು ಬೇರೆ ನರಕೋಶಗಳಿಂದ ಹೊರಟು, ಒಂದು ಗಿಡ್ಡ ರಕ್ತನಾಳದ ಜಾಲದಲ್ಲಿ ಇಳಿದು, ಪಿಟ್ಯುಟರಿಯ ಮುಂಭಾಗಕ್ಕಷ್ಟೇ ತಲುಪುತ್ತದೆ. ಒಂದೇ ಬಾವಿಯಿಂದ ಎರಡು ಕಾಲುವೆ ತೆಗೆದ ಹಾಗೆ.

ಇನ್ನು ನನ್ನ ಹಳೆಯ ಪ್ರಶ್ನೆಗೆ ಹತ್ತಿರ ಬಂದೆವು. ನೆಮ್ಮದಿಯಾಗಿ ನಿಂತ ಕುರಿಗೆ ಬರೀ ಬಾಯಾರಿಕೆ ಆದರೆ ವ್ಯಾಸೊಪ್ರೆಸಿನ್ ಏರುತ್ತದೆ, ಹೆದರಿಕೆಯಲ್ಲಿ ಏರುವಷ್ಟು ಕಾರ್ಟಿಸಾಲ್ ಏರುವುದಿಲ್ಲ. ಅದು ನೀರು ಉಳಿಸಿಕೊಂಡು ಕಾಯುತ್ತದೆ. ಅಂಥ ಕುರಿಯನ್ನು ನಾವು ಓಡಿಸಿ ಹಿಡಿದರೆ ಕಾರ್ಟಿಸಾಲ್ ನುಗ್ಗುತ್ತದೆ. ಕಾರ್ಟಿಸಾಲ್‌ಗೆ ಹತ್ತಾರು ಕೆಲಸ ಇವೆ, ಅದರಲ್ಲಿ ಒಂದು ಮೂತ್ರ ಹೆಚ್ಚಿಸುವುದು. 2003ರಲ್ಲಿ ಆಸ್ಟ್ರೇಲಿಯಾದ ಸಂಶೋಧಕರು ಮೆರಿನೋ ಕುರಿಗಳ ಮೇಲೆ ಮಾಡಿದ ಕೆಲಸ ಇದನ್ನೇ ಹೇಳಿತು: ದೂರ ಸಾಗಿಸಿದ, ಒತ್ತಡಕ್ಕೆ ಸಿಕ್ಕಿದ ಕುರಿಗಳ ಮೈ ಒಣಗುವುದು ನೀರು ಕೊಡದೇ ಇದ್ದದ್ದಕ್ಕೆ ಮಾತ್ರ ಅಲ್ಲ, ಕಾರ್ಟಿಸಾಲ್ ಮೂತ್ರ ಹರಿಸುವುದರಿಂದಲೂ ಇರಬಹುದು ಅಂತ. ಅಂದರೆ ಬಾಯಾರಿಕೆ ನಲ್ಲಿಯನ್ನು ಬಿಗಿ ಮಾಡುತ್ತದೆ, ಹೆದರಿಕೆ ಅದೇ ನಲ್ಲಿಯನ್ನು ಸಡಿಲ ಮಾಡುತ್ತದೆ. ಮೇಲೆ ಬಿಸಿಲು. ಓಡಿದ್ದಕ್ಕೆ ಮಾಂಸಖಂಡದಲ್ಲಿ ಇನ್ನಷ್ಟು ಬಿಸಿ. ಮೊದಲೇ ತೇಕುವುದನ್ನು ಕಡಿಮೆ ಮಾಡಿದ್ದ ಮೈ. ಆ ನಾಲ್ಕು ಕುರಿಗಳು ಬಿದ್ದದ್ದು ಹೀಗೆ ಅಂತ ನಾನು ನಂಬಿದ್ದೇನೆ.

ಓದುವ ಮಕ್ಕಳಿಗೆ ಒಂದು ಮಾತು, ಇದು ಪರೀಕ್ಷೆಗಲ್ಲ, ಕೆಲಸಕ್ಕೆ. ಕುರಿಯ ಮೈಯಲ್ಲಿ ನೀರು ಕಡಿಮೆಯಾಗಿದೆಯಾ ಅಂತ ನೋಡಲು ರಕ್ತ ತೆಗೆದು ಕೆಂಪು ಕಣಗಳ ಪಾಲು ಅಳೆಯುತ್ತೀರಿ. ಆದರೆ ಕುರಿಯ ಗುಲ್ಮ, ಅದೇ ಸ್ಪ್ಲೀನ್, ಕೆಂಪು ಕಣಗಳ ಉಗ್ರಾಣ. ಹೆದರಿ ಅಡ್ರಿನಲಿನ್ ಬಂದ ಕೂಡಲೇ ಗುಲ್ಮ ಮುಷ್ಟಿಯ ಹಾಗೆ ಹಿಂಡಿಕೊಂಡು ಆ ಕಣಗಳನ್ನೆಲ್ಲ ರಕ್ತಕ್ಕೆ ತಳ್ಳುತ್ತದೆ. ನಿಮ್ಮ ಅಳತೆ ಏರಿರುತ್ತದೆ. ನೀರಿಲ್ಲದ್ದಕ್ಕೆ ಏರಿತೋ, ನಿಮ್ಮನ್ನು ನೋಡಿ ಏರಿತೋ? ಗೊತ್ತಾಗುವುದಿಲ್ಲ. ಅದಕ್ಕೇ ರಕ್ತದ ಪ್ರೋಟೀನು, ಸೋಡಿಯಂ ಕೂಡ ನೋಡಬೇಕು. ಕಾರ್ಟಿಸಾಲ್ ಅಳೆಯುವಾಗಲೂ ಇದೇ ಕಥೆ. ಹಿಡಿಯಲು ಹತ್ತು ನಿಮಿಷ ಓಡಾಡಿಸಿ ರಕ್ತ ತೆಗೆದರೆ, ಸೀಸೆಯಲ್ಲಿರುವುದು ನಿಮ್ಮ ಓಡಾಟದ ಲೆಕ್ಕ, ಕುರಿಯದ್ದಲ್ಲ.

ಒತ್ತಡದ ಕುರಿ ಸಾಯದೇ ಇದ್ದರೂ ನಷ್ಟ ಕೊಡುತ್ತದೆ. ಟಗರು ಬಿಡುವ ಹೊತ್ತಿನಲ್ಲಿ ಹೆದರಿಕೆ, ಸಾಗಾಟ ಆದರೆ ಅಂಡ ಬಿಡುಗಡೆ ಮಾಡಿಸುವ ಎಲ್‌ಎಚ್ ಹಾರ್ಮೋನು ತಡವಾಗುತ್ತದೆ, ಕೆಲವೊಮ್ಮೆ ಬರುವುದೇ ಇಲ್ಲ. ಹದಿನೇಳು ದಿನದ ಒಂದು ಸುತ್ತು ಹೋಯಿತು ಅಂತಲೇ ಲೆಕ್ಕ. ಹಾಲು ಇಳಿಸುವ ಆಕ್ಸಿಟೋಸಿನ್‌ಗೆ ಅಡ್ರಿನಲಿನ್ ಅಡ್ಡ ಬರುತ್ತದೆ, ಕೆಚ್ಚಲಲ್ಲಿ ಹಾಲಿದ್ದರೂ ಮರಿಗೆ ಸಿಗುವುದಿಲ್ಲ. ಕಡಿಯುವ ಮುಂಚೆ ಹೆದರಿ ಸುಸ್ತಾದ ಕುರಿಯ ಮಾಂಸ ಕಪ್ಪಗೆ, ಗಟ್ಟಿಯಾಗುತ್ತದೆ. ಉಣ್ಣೆ ಎಳೆ ನಡುವೆ ತೆಳ್ಳಗಾಗಿ ತುಂಡಾಗುತ್ತದೆ.

ಕಂದು ಹಾಕಿದ ಕುರಿಗಳ ಬಗ್ಗೆ ಸ್ವಲ್ಪ ನಿಂತು ಹೇಳಬೇಕು. ಮರಿ ಯಾವಾಗ ಹುಟ್ಟಬೇಕು ಅಂತ ತೀರ್ಮಾನ ಮಾಡುವುದು ತಾಯಿ ಅಂತ ನಾವು ಅಂದುಕೊಂಡಿದ್ದೇವೆ. ಕುರಿಯಲ್ಲಿ ಅದು ಮರಿಯ ತೀರ್ಮಾನ. ದಿನ ತುಂಬಿದಾಗ ಹೊಟ್ಟೆಯೊಳಗಿನ ಮರಿಯ ಅಡ್ರಿನಲ್ ಗ್ರಂಥಿಯಿಂದ ಕಾರ್ಟಿಸಾಲ್ ಏರುತ್ತದೆ, ಅದೇ ಹೆರಿಗೆಯ ಗಂಟೆ ಬಾರಿಸುತ್ತದೆ. ನ್ಯೂಜಿಲೆಂಡಿನ ಗ್ರಹಾಂ ಲಿಗಿನ್ಸ್ 1960ರ ದಶಕದಲ್ಲಿ ಇದನ್ನು ಕಂಡುಹಿಡಿದರು. ಹಾಗೆ ಬೇಗ ಹುಟ್ಟಿಸಿದ ಮರಿಗಳು ಉಸಿರಾಡಿ ಬದುಕಿದ್ದು ನೋಡಿ, ಈ ಹಾರ್ಮೋನು ಶ್ವಾಸಕೋಶವನ್ನೂ ಬಲಿಸುತ್ತದೆ ಅಂತ ಅವರಿಗೆ ಹೊಳೆಯಿತು. 1972ರಲ್ಲಿ ಅವರು ಮತ್ತು ರಾಸ್ ಹೋವೀ ಗರ್ಭಿಣಿಯರಿಗೆ ಸ್ಟೀರಾಯ್ಡ್ ಕೊಟ್ಟ ಪ್ರಯೋಗದ ಫಲಿತಾಂಶ ಪ್ರಕಟಿಸಿದರು. ಇವತ್ತು ಕಲಬುರಗಿಯಲ್ಲಾಗಲಿ ಬೀದರ್‌ನಲ್ಲಾಗಲಿ, ದಿನ ತುಂಬುವ ಮುಂಚೆ ಹೆರಿಗೆ ಆಗುವ ಸೂಚನೆ ಇರುವ ತಾಯಿಗೆ ಡಾಕ್ಟರು ಕೊಡುವ ಆ ಇಂಜೆಕ್ಷನ್ ಹಿಂದೆ ಒಂದು ಕುರಿಮರಿ ಇದೆ.

ಇದೇ ಕಾರಣಕ್ಕೆ ಒಂದು ಎಚ್ಚರಿಕೆ. ಮೆಡಿಕಲ್ ಅಂಗಡಿಯಿಂದ ಡೆಕ್ಸಾ ಅನ್ನುವ ಸ್ಟೀರಾಯ್ಡ್ ತಂದು ಜ್ವರಕ್ಕೆ, ಕುಂಟಿಗೆ, ಸುಸ್ತಿಗೆ ನೀವೇ ಚುಚ್ಚುತ್ತೀರಿ. ಅದು ಕಾರ್ಟಿಸಾಲ್‌ನ ಅಣ್ಣ ಇದ್ದ ಹಾಗೆ. ಗಬ್ಬದ ಕೊನೆಯ ದಿನಗಳಲ್ಲಿ ಕೊಟ್ಟರೆ ಎರಡು ಮೂರು ದಿನದಲ್ಲಿ ಕುರಿ ಹೆರುತ್ತದೆ, ಮರಿ ಬಲಿತಿದ್ದರೂ ಇಲ್ಲದಿದ್ದರೂ. ದಯವಿಟ್ಟು ಕೇಳದೆ ಹಾಕಬೇಡಿ.

ಮಾಡುವುದೇನು ಅಂದರೆ, ದೊಡ್ಡ ಖರ್ಚಿಲ್ಲ. ಲಸಿಕೆ, ಜಂತಿನ ಔಷಧ, ಉಣ್ಣೆ ಕತ್ತರಿಸುವುದು, ಗಾಡಿಗೆ ಏರಿಸುವುದು, ಏನೇ ಇರಲಿ, ಮುಂಚೆ ನೀರು. ಕೆಲಸ ಬೆಳಗ್ಗೆ ಎಂಟರೊಳಗೆ ಮುಗಿಯಬೇಕು. ಕಟ್ಟುವುದಾದರೆ ಎರಡನ್ನು ಜೊತೆಗೆ ಕಟ್ಟಿ, ಒಂಟಿಯಾಗಿ ಬೇಡ. ಉಪ್ಪಿನ ಗಡ್ಡೆ ಇಡಿ, ಯಾಕೆಂದರೆ ನೀರು ಸಿಗದ ಕುರಿ ಮೂತ್ರದಲ್ಲಿ ಸೋಡಿಯಂ ಕೂಡ ಕಳೆದುಕೊಳ್ಳುತ್ತದೆ. ಆದರೆ ಎರಡು ದಿನ ನೀರು ಕಾಣದ ಕುರಿಗೆ ಉಪ್ಪು ಮೊದಲು ಬೇಡ, ನೀರನ್ನೂ ಒಮ್ಮೆಲೇ ಹೊಟ್ಟೆ ಬಿರಿಯ ಬಿಡಬೇಡಿ. ಸ್ವಲ್ಪ ಸ್ವಲ್ಪ, ಬಿಟ್ಟು ಬಿಟ್ಟು. ಇಲ್ಲದಿದ್ದರೆ ಗಟ್ಟಿಯಾದ ರಕ್ತ ತಟ್ಟನೆ ತೆಳುವಾಗಿ ಮಿದುಳು ಊದಿಕೊಳ್ಳುವ ಅಪಾಯ ಇದೆ.

ಕುಡಿಸಿದ ಮೇಲೆ ಎಷ್ಟು ಹೊತ್ತು ಬಿಡಬೇಕು ಅಂತ ಆ ಹಿಂದಿನ ಸಾಲಿನ ಅಜ್ಜಿ ಕೇಳಿದರು. ಇದು ನನಗೆ ಬಹಳ ಇಷ್ಟವಾದ ವಿಷಯ. ಬಾಯಾರಿದ ಕುರಿ ನೀರು ಕುಡಿದರೆ ರಕ್ತದ ವ್ಯಾಸೊಪ್ರೆಸಿನ್ ಬೇಗನೆ ಇಳಿಯುತ್ತದೆ, ಕುಡಿದ ನೀರು ಇನ್ನೂ ರೂಮೆನ್ನಿನಲ್ಲೇ ಇರುವಾಗಲೇ. ಬಾಯಿ, ಗಂಟಲು ನುಂಗಿದ್ದನ್ನು ಮಿದುಳು ಎಣಿಸಿಕೊಳ್ಳುತ್ತದೆ, ನೀರು ಬಂತು ಅಂತ ನಂಬುತ್ತದೆ. ಆದರೆ ಮೈಗೆ ನೀರು ಸೇರಲು ಇನ್ನೂ ಹೊತ್ತು ಬೇಕು. ಅದಕ್ಕೆ ಒಂದು ಗುರುತು ಹೇಳಿದೆ. ಕುಡಿದು ನೆರಳಿಗೆ ಬಂದ ಕುರಿ ಮತ್ತೆ ಜೋರಾಗಿ ತೇಕಲು ಶುರು ಮಾಡುತ್ತದೆ. ಗಾಬರಿ ಬೇಡ, ಅದು ಒಳ್ಳೆಯದು, ನಿಲ್ಲಿಸಿದ್ದ ತಂಪು ಮಾಡುವ ಕೆಲಸ ಮತ್ತೆ ಹಿಡಿದಿದೆ. ಆ ತೇಕು ಇಳಿದು, ಕುರಿ ಮಲಗಿ, ಮೆಲುಕು ಹಾಕಲು ಶುರು ಮಾಡಿದ ಮೇಲೆ ಮುಟ್ಟಿ.

"ಮೆಲುಕು ಹಾಕೋತನ ಡಾಕ್ಟರು ಕುಂತು ಕಾಯ್ತಾರೇನ್ರಿ?" ಅಂತ ಕೇಳಿದರು ಅಜ್ಜಿ.

ಕಾಯುತ್ತೇನೆ ಅಂದೆ. ಜೂನ್‌ಗೆ ಮುಂಚೆ ಅವರ ಹಿಂಡಿಗೆ ಲಸಿಕೆ ಇದೆ. ಹಿಂದಿನ ರಾತ್ರಿಯೇ ಊರಿಗೆ ಬಂದು ಉಳಿಯುತ್ತೇನೆ, ಬೆಳಗ್ಗೆ ಐದಕ್ಕೆ ನೀರಿನ ತೊಟ್ಟಿ ತುಂಬಿಸಿಟ್ಟಿರಿ ಅಂತ ಹೇಳಿ ಬಂದಿದ್ದೇನೆ.